ಇಂಗು, ಚಾಕು, ಒಲೆ: ಮುಂಬಯಿಯ ಯಹೂದಿಗಳು ಕೋಶರ್ ಪಾಲಿಸುವ ಬಗೆ

ಇಂಗಿನಿಂದಲೇ ಶುರು ಮಾಡೋಣ. ಯಹೂದಿಗಳ ಧರ್ಮನಿಯಮಗಳ ಸಂಗ್ರಹವಾದ ಮಿಶ್ನಾ ಈಗಿನ ರೂಪಕ್ಕೆ ಬಂದದ್ದು ಕ್ರಿ.ಶ. 200ರ ಆಸುಪಾಸಿನಲ್ಲಿ. ಅನ್ಯರಿಂದ ಕೊಂಡು ತಿನ್ನಬಾರದ ಪದಾರ್ಥಗಳ ಒಂದು ಪಟ್ಟಿ ಅದರಲ್ಲಿದೆ. ಆ ಪಟ್ಟಿಯಲ್ಲಿ ಇಂಗಿನ ತುಂಡೂ ಇದೆ. ಗಿಡದಿಂದ ಒಸರಿದ ಅಂಟು ಅದು. ಮಾಂಸವಿಲ್ಲ, ಹಾಲಿಲ್ಲ, ಹುಳುವಿಲ್ಲ. ಮತ್ತೇಕೆ ಬೇಡ? ಮಿಶ್ನಾವನ್ನು ಚರ್ಚಿಸುವ ಗ್ರಂಥವಾದ ತಲ್ಮೂದ್ ಕೊಡುವ ಉತ್ತರ ಇಷ್ಟೇ: ಅದನ್ನು ಕತ್ತರಿಸಿದ ಚಾಕು. ಅಂಗಡಿಯವನ ಚಾಕುವಿಗೆ ಯಾವುದೋ ಮಾಂಸದ ಜಿಡ್ಡು ಹತ್ತಿರುತ್ತದೆ. ಇಂಗಿನ ಘಾಟು ಆ ಜಿಡ್ಡನ್ನು ಎಳೆದುಕೊಳ್ಳುತ್ತದೆ. ಸೌತೆಕಾಯಿಯಾದರೆ ಕೊಯ್ದ ಮುಖವನ್ನು ಹೆರೆದುಕೊಂಡರೆ ಸಾಕಿತ್ತು, ಇಂಗಿಗೆ ಆ ರಿಯಾಯಿತಿ ಇಲ್ಲ.

ಕೋಶರ್, ಅಂದರೆ ಯಹೂದಿಗಳ ಆಹಾರನಿಯಮದ ವಿಷಯಕ್ಕೆ ಬಂದರೆ ನಮ್ಮೂರಿನಲ್ಲಿ ಮೊದಲು ಕೇಳಿಬರುವ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. 'ಶುದ್ಧ ಸಸ್ಯಾಹಾರಿ ಹೋಟೆಲಿಗೆ ಕರೆದುಕೊಂಡು ಹೋದರೆ ಆಯಿತಲ್ಲ?' ಆಗಲಿಲ್ಲ. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಒಳಗೇನಿದೆ ಎಂದು ಹೇಳುತ್ತದೆ. ಕೋಶರ್ ಅದನ್ನು ಕೇಳಿ ಸುಮ್ಮನಾಗುವುದಿಲ್ಲ. ಯಾವ ಚಾಕು ಮುಟ್ಟಿತು, ಯಾವ ಪಾತ್ರೆಯಲ್ಲಿ ಕುದಿಯಿತು, ಒಲೆ ಹಚ್ಚಿದವರು ಯಾರು, ಆಗ ನೋಡುತ್ತ ನಿಂತಿದ್ದವರು ಯಾರು ಎಂದು ಮುಂದುವರಿಯುತ್ತದೆ. ನಮ್ಮ ಹಿರಿಯರ ಮಡಿ-ಮೈಲಿಗೆ ಕಂಡವರಿಗೆ ಈ ಧಾಟಿ ಪರಿಚಿತ ಅನ್ನಿಸಬಹುದು. ಹೋಲಿಕೆಯನ್ನು ಅಲ್ಲಿಗೇ ಬಿಡುವುದು ಒಳ್ಳೆಯದು. ಇಲ್ಲಿ ಅಡಿಗೆಯವರ ಜಾತಿ ಲೆಕ್ಕಕ್ಕಿಲ್ಲ, ಸ್ನಾನವೂ ಲೆಕ್ಕಕ್ಕಿಲ್ಲ. ಲೆಕ್ಕಕ್ಕೆ ಬರುವುದು ವಸ್ತು, ಬಿಸಿ, ಹೊತ್ತು ಮತ್ತು ಕಾವಲು.

ಈ ಕಾವಲಿನ ಕೆಲಸವನ್ನು ಒಂದು ಸಣ್ಣ ಸಮುದಾಯ ಹೇಗೆ ನಡೆಸಿಕೊಂಡು ಬಂದಿದೆ ಎಂಬುದು ಇವತ್ತಿನ ವಿಷಯ. ನೋಡುವುದು ಮುಂಬಯಿ, ಠಾಣೆ ಮತ್ತು ರಾಯಗಡದ ಕರಾವಳಿಯ ಬೆನೆ ಇಸ್ರೇಲ್ ಯಹೂದಿಗಳನ್ನು. ಮನೆಮಾತು ಮರಾಠಿ. ಅಲಿಬಾಗ್ ಬಳಿಯ ನವಗಾಂವ್ ದಡದಲ್ಲಿ ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ಉಳಿದರು, ತಾವು ಅವರ ವಂಶ ಎಂಬುದು ಅವರ ಪರಂಪರೆ. ಊರಿನ ಹೆಸರಿಗೆ 'ಕರ್' ಸೇರಿಸಿದ ಅಡ್ಡಹೆಸರುಗಳು. ಕಸುಬು ಗಾಣದ ಎಣ್ಣೆ. ಯಹೂದಿಗಳ ವಿಶ್ರಾಂತಿಯ ದಿನವಾದ ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಊರವರು ಇಟ್ಟ ಹೆಸರು 'ಶನಿವಾರ್ ತೇಲಿ'. ಇವರು ಯಹೂದಿಗಳೆಂದು ಹೊರಗಿನವರಿಗೆ ಗೊತ್ತಾದದ್ದು ಹೇಗೆ ಎಂಬುದಕ್ಕೂ ಒಂದು ಕಥೆ ಇದೆ. ದಾವಿದ್ ರಹಾಬಿ ಎಂಬ ಯಹೂದಿ ಬಂದು, ಬುಟ್ಟಿ ತುಂಬ ಬಗೆಬಗೆಯ ಮೀನು ಕೊಟ್ಟು ಅಡಿಗೆ ಮಾಡಿ ಎಂದನಂತೆ. ಹೆಂಗಸರು ರೆಕ್ಕೆ, ಹುರುಪೆ ಎರಡೂ ಇರುವ ಮೀನನ್ನಷ್ಟೇ ಆರಿಸಿಕೊಂಡು ಉಳಿದದ್ದನ್ನು ಪಕ್ಕಕ್ಕಿಟ್ಟರಂತೆ. ಪುಸ್ತಕ ಮರೆತು ಹೋಗಿತ್ತು, ಬುಟ್ಟಿ ಮರೆತಿರಲಿಲ್ಲ.

ಮುಂಬಯಿಯಲ್ಲಿ ಇವರ ಮೊದಲ ಸಿನಗಾಗ್, ಅಂದರೆ ಪ್ರಾರ್ಥನಾಮಂದಿರ, ಶಾರ್ ಹಾರಹಮೀಮ್, ಕಟ್ಟಿದ್ದು 1796ರಲ್ಲಿ. ಕಟ್ಟಿಸಿದ ಸ್ಯಾಮ್ಯುಯೆಲ್ ದಿವೇಕರ್ ಕಂಪನಿ ಸೈನ್ಯದಲ್ಲಿದ್ದವನು. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ, ಜೀವ ಉಳಿದದ್ದಕ್ಕೆ ಹರಕೆಯಾಗಿ ಕಟ್ಟಿಸಿದ ಎನ್ನುತ್ತಾರೆ. ಮಸೀದಿ ಬಂದರಿನ ಆ ಬೀದಿಗೆ ಇಂದಿಗೂ ಸ್ಯಾಮ್ಯುಯೆಲ್ ಸ್ಟ್ರೀಟ್ ಎಂಬ ಹೆಸರಿದೆ. 1948ರಿಂದೀಚೆಗೆ ಬಹುಪಾಲು ಜನ ಇಸ್ರೇಲಿಗೆ ಹೋದರು. ಇಡೀ ದೇಶದಲ್ಲಿ ಈಗ ಉಳಿದಿರುವ ಯಹೂದಿಗಳು ಐದು ಸಾವಿರದ ಒಳಗೆ. ಅಡಿಗೆಮನೆಯ ಮಟ್ಟಿಗೆ ಈ ಸಂಖ್ಯೆಯೇ ಎಲ್ಲವನ್ನೂ ನಿರ್ಧರಿಸುತ್ತದೆ. ಯಾಕೆಂದು ಮಾಂಸದಿಂದ ನೋಡೋಣ.

ಕೋಶರ್ ಮಾಂಸ ಎಂದರೆ ಮೊದಲು ಪ್ರಾಣಿ ಸರಿಯಿರಬೇಕು: ಗೊರಸು ಸೀಳಿರಬೇಕು, ಮೆಲುಕು ಹಾಕಬೇಕು. ಆಡು, ಕುರಿ, ದನ, ಎಮ್ಮೆ ಸರಿ. ಹಂದಿ, ಮೊಲ, ಒಂಟೆ ಇಲ್ಲ. ಆಮೇಲೆ ಅದನ್ನು ಕೊಯ್ಯುವವನು ಶೋಹೆತ್ ಆಗಿರಬೇಕು, ಅಂದರೆ ಈ ಕೆಲಸ ಕಲಿತು, ಪರೀಕ್ಷೆ ಕೊಟ್ಟು, ಒಪ್ಪಿಗೆ ಪಡೆದವನು. ಅವನ ಚಾಕುವಿಗೆ ಮೊನೆ ಇರುವುದಿಲ್ಲ, ತುದಿ ಚೌಕ. ಉದ್ದ ಪ್ರಾಣಿಯ ಕತ್ತಿನ ಅಗಲಕ್ಕಿಂತ ಸುಮಾರು ಎರಡು ಪಟ್ಟು. ಪ್ರತಿ ಸಲವೂ ಮುಂಚೆ ಮತ್ತು ಆಮೇಲೆ ಅಲಗನ್ನು ಬೆರಳ ತುದಿ ಹಾಗೂ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡುತ್ತಾನೆ. ಉಗುರಿಗೆ ತಡೆಯುವಷ್ಟು ಮುಕ್ಕಿದ್ದರೂ ಆ ಚಾಕು ನಡೆಯದು. ಕೊಯ್ದ ಮೇಲೆ ಮುಕ್ಕು ಕಂಡರೆ ಆ ಪ್ರಾಣಿಯೂ ಹೋಯಿತು. ಕೆಡುವ ದಾರಿ ಐದು: ನಡುವೆ ನಿಲ್ಲಿಸುವುದು, ಎಳೆಯದೆ ಒತ್ತುವುದು, ಅಲಗು ಚರ್ಮದಡಿಯೋ ತುಪ್ಪಳದಡಿಯೋ ಮರೆಯಾಗುವುದು, ಕತ್ತಿನ ನಿಗದಿತ ಭಾಗ ಬಿಟ್ಟು ಕೊಯ್ಯುವುದು, ಕೊಯ್ಯುವ ಬದಲು ಹರಿಯುವುದು. ಹಲಾಲ್ ಅಂಗಡಿಯ ಮಾಂಸ ಕೋಶರ್ ಆಗದಿರುವುದು ಇದರಿಂದಲೇ. ಎರಡಕ್ಕೂ ಹೋಲಿಕೆ ಇದೆ ಎಂದುಕೊಂಡು ಊಟಕ್ಕೆ ಕರೆದವರು ತಪ್ಪಿ ಬೀಳುವುದು ಹೆಚ್ಚಾಗಿ ಇಲ್ಲೇ.

ಆಡಾದರೆ ಆಮೇಲೆ ಶ್ವಾಸಕೋಶ ತಡವಿ ಅಂಟು, ರಂಧ್ರ ನೋಡಬೇಕು. ಹೊಟ್ಟೆಯ ಒಳಗಿನ ಕೆಲವು ಕೊಬ್ಬು, ಹಿಂಗಾಲಿನ ದೊಡ್ಡ ನರ ತೆಗೆಯಬೇಕು. ಹಿಂಗಾಲಿನ ನರ ಬಿಡಿಸುವುದು ನಾಜೂಕಿನ ಕೆಲಸ. ಬಲ್ಲವರಿಲ್ಲದ ಕಡೆ ಹಿಂಭಾಗವನ್ನೇ ಬೇರೆಯವರಿಗೆ ಮಾರಿಬಿಡುತ್ತಾರೆ. ಕೋಳಿಯ ಕೆಲಸ ಸುಲಭ, ಆದರೆ ಅದರ ರಕ್ತವನ್ನು ಮಣ್ಣಿನಲ್ಲಿ ಮುಚ್ಚಬೇಕು. ಕೆಳಗೂ ಮಣ್ಣು, ಮೇಲೂ ಮಣ್ಣು.

ನಮ್ಮ ಮಾರುಕಟ್ಟೆಗಳಲ್ಲಿ ಕೋಳಿಯ ವಿಷಯಕ್ಕೆ ಒಂದು ದೊಡ್ಡ ತೊಡಕಿದೆ. ಗರಿ ಬೇಗ ಕೀಳಲೆಂದು ಅಂಗಡಿಯವರು ಕೋಳಿಯನ್ನು ಬಿಸಿನೀರಿಗೆ ಅದ್ದುತ್ತಾರೆ. ಶೋಹೆತ್ ಸರಿಯಾಗಿ ಕೊಯ್ದ ಕೋಳಿಯನ್ನೂ ಹಾಗೆ ಅದ್ದಿದರೆ ಅದು ಕೆಟ್ಟಿತು. ಉಪ್ಪು ಹಾಕಿ ರಕ್ತ ತೆಗೆಯುವ ಮುನ್ನವೇ ಬಿಸಿ ತಾಗಿ ರಕ್ತ ಮಾಂಸದೊಳಗೆ ಬೆಂದುಹೋಗುತ್ತದೆ. ಆದ್ದರಿಂದ ಗರಿ ಒಣಗಿದಂತೆಯೇ ಕೀಳಬೇಕು, ಇಲ್ಲವೆ ತಣ್ಣೀರಿನಲ್ಲಿ. ಹೊತ್ತು ಹಿಡಿಯುತ್ತದೆ, ಅಂಗಡಿಯವನಿಗೆ ಬೇಜಾರು, ಚರ್ಮ ಅಲ್ಲಲ್ಲಿ ಹರಿಯುತ್ತದೆ. ಬೇರೆ ದಾರಿ ಇಲ್ಲ.

ಉಪ್ಪು ಹಾಕುವ ಕ್ರಮ ಹೀಗೆ. ಕೊಯ್ದ 72 ಗಂಟೆಯೊಳಗೆ ಶುರುವಾಗಬೇಕು. ತಡವಾದರೆ ಆ ಮಾಂಸವನ್ನು ಬೆಂಕಿಯ ಮೇಲೆ ನೇರ ಸುಟ್ಟು ತಿನ್ನಬಹುದೇ ಹೊರತು ಸಾರು ಮಾಡುವಂತಿಲ್ಲ. ಫ್ರೀಜರಿನಲ್ಲಿದ್ದದ್ದಾದರೆ ಪೂರ್ತಿ ಕರಗಬೇಕು. ಮಾಂಸಕ್ಕೆಂದೇ ಇಟ್ಟ ಪಾತ್ರೆಯಲ್ಲಿ, ಸಾಮಾನ್ಯ ತಣ್ಣೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ. ಮರೆತು ಒಂದು ದಿನ ಪೂರ್ತಿ ನೀರಿನಲ್ಲಿ ಬಿಟ್ಟರೆ ಬೇಯಿಸಿದಂತೆಯೇ ಲೆಕ್ಕ. ಎತ್ತಿ ನೀರು ಇಳಿಯಲು ಬಿಡಿ, ಆದರೆ ಒಣಗಿಸಬೇಡಿ, ಒಣ ಮಾಂಸಕ್ಕೆ ಉಪ್ಪು ಹಿಡಿಯದು. ಉಪ್ಪು ಎಂಥದ್ದು? ಪುಡಿಯುಪ್ಪು ಕರಗಿ ಹರಿದುಹೋಗುತ್ತದೆ, ದಪ್ಪ ಕಲ್ಲುಪ್ಪು ಉದುರುತ್ತದೆ. ಕಲ್ಲುಪ್ಪನ್ನು ಒರಳಿನಲ್ಲಿ ಎರಡು ಪೆಟ್ಟು ಕುಟ್ಟಿ, ದಪ್ಪ ರವೆಯ ಹದಕ್ಕೆ ತಂದುಕೊಳ್ಳುವುದು ಸರಿ. ಎಲ್ಲ ಮುಖಕ್ಕೂ, ಕೋಳಿಯಾದರೆ ಹೊಟ್ಟೆಯೊಳಗೂ ಹಚ್ಚಿ, ಓರೆಯಾಗಿಟ್ಟ ಹಲಗೆಯ ಮೇಲೋ ತೂತಿನ ತಟ್ಟೆಯ ಮೇಲೋ ಒಂದು ಗಂಟೆ ಬಿಡಿ. ಕೋಳಿಯ ಹೊಟ್ಟೆಯ ಬಾಯಿ ಕೆಳಮುಖವಾಗಿರಲಿ, ಇಲ್ಲದಿದ್ದರೆ ರಕ್ತ ಒಳಗೇ ಮಡುಗಟ್ಟುತ್ತದೆ. ಸಮತಟ್ಟಾದ ತಟ್ಟೆಯಲ್ಲಿ ಇಡುವುದು ಹೊಸಬರು ಮಾಡುವ ತಪ್ಪು, ಇಳಿದ ರಕ್ತದಲ್ಲೇ ಮಾಂಸ ಕೂತಿರುತ್ತದೆ. ಕೊನೆಗೆ ಮೂರು ಸಲ ತೊಳೆಯಬೇಕು. ಹೃದಯವನ್ನು ಮೊದಲು ಸೀಳಿಕೊಳ್ಳಬೇಕು. ಪಿತ್ತಜನಕಾಂಗಕ್ಕೆ ಈ ಉಪ್ಪಿನ ಉಪಾಯ ಸಾಲದು, ಅದರಲ್ಲಿ ರಕ್ತ ಅಷ್ಟು ಹೆಚ್ಚು. ಗೀರಿ, ತುಸು ಉಪ್ಪು ಉದುರಿಸಿ, ತೆರೆದ ಬೆಂಕಿಯ ಮೇಲೆ ರಸ ಕೆಳಗೆ ಬೀಳುವಂತೆ ಸುಡಬೇಕು. ಹೀಗೆ ಉಪ್ಪುಂಡ ಮಾಂಸಕ್ಕೆ ಮಸಾಲೆ ಅರೆಯುವಾಗ ಉಪ್ಪಿನ ಡಬ್ಬಿ ದೂರವಿಡಿ, ರುಚಿ ನೋಡಿ ಆಮೇಲೆ ಹಾಕಿ.

ಈಗ ಸಂಖ್ಯೆಗೆ ಬರೋಣ. ಮೊದಲ ಹೆಜ್ಜೆಗೆ ಶೋಹೆತ್ ಬೇಕು. ಹಿಂದೆ ಸಿನಗಾಗಿನಲ್ಲಿ ಪ್ರಾರ್ಥನೆ ನಡೆಸುವ ಹಜ್ಜಾನ್ ಹಲವು ಕಡೆ ಅದನ್ನೂ ಮಾಡುತ್ತಿದ್ದ. ಅವನ ಕುಟುಂಬ ಇಸ್ರೇಲಿಗೆ ಹೊರಟರೆ ಪ್ರಾರ್ಥನೆಯನ್ನು ಉಳಿದವರು ಹೇಗೋ ನಡೆಸಿಯಾರು, ಚಾಕು ಹಿಡಿಯುವವರು ಇಲ್ಲ. ಹಾಗಾಗಿ ಇಲ್ಲಿ ಮಾಂಸ ಎಂದರೆ ಶೋಹೆತ್ ಸಿಗುವ ದಿನ ನೋಡಿ ಹೇಳಿಟ್ಟು ತರುವ ಕೋಳಿ, ಕೆಲವೊಮ್ಮೆ ಆಡು. ದನದ ಮಾಂಸವನ್ನು ಈ ಸಮುದಾಯದ ಬಹಳ ಮನೆಗಳು ನೆರೆಹೊರೆಯ ರೂಢಿಯಂತೆ ಮೊದಲಿಂದಲೂ ದೂರವಿಟ್ಟಿದ್ದವು. ವಾರದ ಉಳಿದ ದಿನಗಳಲ್ಲಿ ಮೀನು, ಮೊಟ್ಟೆ, ತರಕಾರಿ. ಇದನ್ನು ಸೊರಗಿದ ಆಚಾರ ಎಂದು ನೋಡುವವರಿದ್ದಾರೆ. ಆ ಮಾತು ಒಪ್ಪುವಂಥದ್ದಲ್ಲ. ತಮ್ಮ ಕೈಯಲ್ಲಿ ಕಾವಲು ಕಾಯಲು ಆಗುವಷ್ಟಕ್ಕೇ ಊಟವನ್ನು ಹೊಂದಿಸಿಕೊಂಡದ್ದು ಜಾಣತನ, ಕೋಶರ್‌ನ ಒಳಗಿನದೇ ತರ್ಕ.

ಮೀನಿಗೆ ಶೋಹೆತ್ ಬೇಡ, ಉಪ್ಪು ಹಾಕಿ ರಕ್ತ ತೆಗೆಯುವುದೂ ಬೇಡ. ರೆಕ್ಕೆ ಮತ್ತು ಹುರುಪೆ ಇದ್ದರೆ ಸಾಕು, ಹುರುಪೆ ಮಾತ್ರ ಚರ್ಮ ಹರಿಯದೆ ಬಿಡುವಂಥದ್ದಾಗಿರಬೇಕು. ಮುಂಬಯಿಯವರ ಪಾಪ್ಲೆಟ್, ಸುರ್ಮಯಿ, ಬಾಂಗ್ಡಾ, ರಾವಸ್. ನಮ್ಮ ಕರಾವಳಿಯ ಹೆಸರಿನಲ್ಲಿ ಮಾಂಜಿ, ಅಂಜಲ್, ಬಂಗುಡೆ, ಜೊತೆಗೆ ಬೂತಾಯಿ. ಸಿಹಿನೀರಿನ ರೋಹು, ಕಾಟ್ಲಾ ಕೂಡ. ಸಿಗಡಿ, ಏಡಿ, ಮರುವಾಯಿ, ಬೊಂಡಾಸ್ ಇಲ್ಲ. ಶಾರ್ಕ್, ತೊರಕೆ, ಹುರುಪೆಯಿಲ್ಲದ ಬೆಕ್ಕುಮೀನು ಇಲ್ಲ. ಕೊಳ್ಳುವಾಗ ಎರಡು ಎಚ್ಚರ. ಚರ್ಮ ಸುಲಿದು ತುಂಡು ಮಾಡಿಟ್ಟ ಮೀನು ಯಾವುದೆಂದು ಗುರುತು ಸಿಗದು, ಆದ್ದರಿಂದ ಇಡೀ ಮೀನು, ಇಲ್ಲವೆ ಹುರುಪೆ ಕಾಣುವ ತುಂಡು. ಎರಡನೆಯದು ಮತ್ತೆ ಚಾಕು. ಮುಂಬಯಿಯ ಕೋಳಿ ಎಂಬ ಸಮುದಾಯದ ಮೀನುಗಾರ್ತಿಯ ಕೊಯ್ತದಲ್ಲಿ ಈಗಷ್ಟೇ ಸಿಗಡಿಯೋ ಶಾರ್ಕೋ ಹಾದುಹೋಗಿರುತ್ತದೆ. ಇಡಿಯಾಗಿ ತಂದು ಮನೆಯಲ್ಲೇ ಸರಿಮಾಡಿಕೊಳ್ಳುವುದು ಲೇಸು. ಅವಳೇ ಕತ್ತರಿಸಿದ್ದರೆ ಕೊಯ್ದ ಮುಖವನ್ನು ಹೆರೆದು ಚೆನ್ನಾಗಿ ತೊಳೆಯಬೇಕು.

ಮಾಂಸ ಮತ್ತು ಹಾಲು ಒಟ್ಟಿಗೆ ಕೂಡದೆಂಬುದು ಬಹಳ ಮಂದಿಗೆ ಗೊತ್ತಿರುವ ನಿಯಮ. ಒಟ್ಟಿಗೆ ಬೇಯಿಸಬಾರದು, ಒಟ್ಟಿಗೆ ತಿನ್ನಬಾರದು. ಮಾಂಸ ತಿಂದ ಮೇಲೆ ಹಾಲಿನದನ್ನು ಮುಟ್ಟಲು ಹೆಚ್ಚಿನವರು ಆರು ಗಂಟೆ ಕಾಯುತ್ತಾರೆ. ಜರ್ಮನಿಯ ಮೂಲದವರಲ್ಲಿ ಮೂರು, ಡಚ್ಚರಲ್ಲಿ ಒಂದೇ ಗಂಟೆಯ ರೂಢಿಯೂ ಇದೆ. ಯಹೂದಿಗಳ ಮನೆಯಲ್ಲಿ ಎರಡು ಜೊತೆ ಪಾತ್ರೆ, ಎರಡು ಜೊತೆ ಚಾಕು ಇರುವುದು ಇದಕ್ಕೆ. ಭಾರತದ ಅಡಿಗೆಮನೆಯಲ್ಲಿ ಇದಕ್ಕಿಂತ ಹೆಚ್ಚು ಕಾಡುವುದು ಮಿಕ್ಸಿ ಜಾರು. ಇಂಗಿನ ನಿಯಮ ಈರುಳ್ಳಿ, ಬೆಳ್ಳುಳ್ಳಿ, ಮೂಲಂಗಿಯಂಥ ಖಾರದ ಪದಾರ್ಥಗಳಿಗೂ ಅನ್ವಯಿಸುತ್ತದೆ. ಶುಂಠಿ, ಹಸಿಮೆಣಸಿನಕಾಯಿಗಳನ್ನೂ ಇದೇ ಸಾಲಿಗೆ ಸೇರಿಸುವವರಿದ್ದಾರೆ. ಮಾಂಸದ ಚಾಕುವಿನಲ್ಲಿ ಹೆಚ್ಚಿದ ಈರುಳ್ಳಿ ಮಾಂಸದ ಕಡೆಗೆ ಸೇರಿತು. ಅದನ್ನು ಮಜ್ಜಿಗೆ ಹುಳಿಯ ಒಗ್ಗರಣೆಗೆ ಹಾಕುವಂತಿಲ್ಲ. ಆದ್ದರಿಂದ ಶುಂಠಿ-ಬೆಳ್ಳುಳ್ಳಿ ಅರೆಯುವ ಜಾರನ್ನು ಮಾಂಸಕ್ಕೂ ಹಾಲಿಗೂ ಸೇರದ ಮೂರನೆಯ ಗುಂಪಿನಲ್ಲಿ ಇಡುವುದೇ ನೆಮ್ಮದಿ. ಆ ಮೂರನೆಯ ಗುಂಪಿನ ಹೆಸರು ಪರ್ವೆ. ಧಾನ್ಯ, ತರಕಾರಿ, ಹಣ್ಣು, ಎಣ್ಣೆ, ಮೊಟ್ಟೆ, ಮೀನು ಎಲ್ಲ ಪರ್ವೆ. ಮೊಟ್ಟೆಯನ್ನು ಒಂದೊಂದಾಗಿ ಬಟ್ಟಲಿಗೆ ಒಡೆದು ನೋಡಬೇಕು, ರಕ್ತದ ಚುಕ್ಕೆ ಕಂಡರೆ ಎಸೆಯಬೇಕು. ಮೀನು ಪರ್ವೆಯಾದರೂ ಮಾಂಸದ ಜೊತೆ ಒಂದೇ ಪಾತ್ರೆಯಲ್ಲಿ ಬೇಯಿಸುವುದಿಲ್ಲ. ಸ್ಪೇನ್ ಮೂಲದ ಸೆಫರ್ದಿ ರೂಢಿಯವರಲ್ಲಿ ಬಹಳ ಜನ ಮೀನಿಗೆ ಹಾಲು, ಮೊಸರನ್ನೂ ಸೇರಿಸುವುದಿಲ್ಲ. ಬೆನೆ ಇಸ್ರೇಲರದು ಸೆಫರ್ದಿ ರೂಢಿ.

ಈ ಕಟ್ಟುಪಾಡನ್ನು ಕೊಂಕಣ ಕರಾವಳಿ ಸುಲಭ ಮಾಡಿಕೊಟ್ಟಿತು, ತೆಂಗಿನಕಾಯಿಯಿಂದ. ಬಾಗ್ದಾದಿನಲ್ಲೋ ಪೋಲೆಂಡಿನಲ್ಲೋ ಮಾಂಸದ ಸಾರಿಗೆ ಕೆನೆಯ ನುಣುಪು ಬರಿಸಲು ಇಷ್ಟು ಸುಲಭದ ದಾರಿ ಇರಲಿಲ್ಲ. ಇಲ್ಲಿ ತೆಂಗಿನ ಹಾಲಿದೆ, ಅದು ಪೂರ್ತಿ ಪರ್ವೆ. ಇವರ ಮಾಂಸದ ಸಾರಿನಲ್ಲಿ ಮೊಸರಿಲ್ಲ, ತುಪ್ಪವಿಲ್ಲ. ತೆಂಗಿನ ಹಾಲು, ಹುಣಸೆ ಇಲ್ಲವೆ ಕೋಕಂ, ಎಣ್ಣೆ. ಬಿರಿಯಾನಿಗೂ ಮೊಸರಲ್ಲಿ ನೆನೆಸಿದ ಮಾಂಸವಿಲ್ಲ. ಊಟದ ಕೊನೆಗೆ ಖೋವಾದ ಸಿಹಿ ಬಡಿಸಲಾಗದು. ಆ ಜಾಗಕ್ಕೆ ಬಂದದ್ದು ಹೊಸ ವರ್ಷದ ಹಬ್ಬವಾದ ರೋಶ್ ಹಶಾನಾದ 'ಚಿಕಾಚಾ ಹಲವಾ'. ನಮ್ಮ ಗೋಧಿ ಹಾಲಬಾಯಿ ಬಲ್ಲವರಿಗೆ ಇದು ನೆಂಟನೇ. ಗೋಧಿಯನ್ನು ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಹಾಕಿ, ಅರೆದು, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆಯುತ್ತಾರೆ. ರಾತ್ರಿ ಅಲುಗಿಸದೆ ಇಟ್ಟರೆ ತಳದಲ್ಲಿ ಕೂರುವ ಬಿಳಿ ಗಟ್ಟಿಯೇ ಚೀಕ್. ಮೇಲಿನ ಹುಳಿನೀರು ಚೆಲ್ಲಬೇಕು, ಉಳಿಸಿಕೊಂಡರೆ ಹಲವಾ ಹುಳಿ ಹಿಡಿಯುತ್ತದೆ. ಒಂದು ಬಟ್ಟಲು ಚೀಕಿಗೆ ಅಂದಾಜು ನಾಲ್ಕು ಬಟ್ಟಲು ತೆಂಗಿನ ಹಾಲು, ಒಂದೂವರೆ ಬಟ್ಟಲು ಸಕ್ಕರೆ. ಒಲೆ ಹಚ್ಚುವ ಮೊದಲೇ ತಣ್ಣಗೆ ಕಲೆಸಿಕೊಳ್ಳಬೇಕು, ಬಿಸಿಗೆ ಹಾಕಿದರೆ ಗಂಟು. ಆಮೇಲೆ ಕೈ ಬಿಡುವಂತಿಲ್ಲ. ಪಾತ್ರೆಯ ಅಂಚು ಬಿಟ್ಟು ಮುದ್ದೆಯಾಗಿ ತಿರುಗುವ ತನಕ ಸಣ್ಣ ಉರಿಯಲ್ಲಿ ತೊಳಸಬೇಕು. ಏಲಕ್ಕಿ, ಬಾದಾಮಿ, ತುಸು ಗುಲಾಬಿ ಬಣ್ಣ. ಇತ್ತೀಚೆಗೆ ಶ್ರಮ ತಪ್ಪಿಸಲು ಚೈನಾ ಗ್ರಾಸ್ ಹಾಕುವುದುಂಟು. ಅದು ಕಡಲ ಪಾಚಿಯದು, ಅಡ್ಡಿಯಿಲ್ಲ. ಅದರ ಬದಲು ಅಂಗಡಿಯ ಜೆಲಟಿನ್ ಹಾಕಿದರೆ ಎಲ್ಲ ಕೆಟ್ಟಿತು, ಅದು ಪ್ರಾಣಿಯ ಚರ್ಮ, ಮೂಳೆಯಿಂದ ಬಂದದ್ದು.

ಹರಕೆಗೆ, ಶುಭಕಾರ್ಯಕ್ಕೆ ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಇಡುವ ಮಲಿದಾ ಇನ್ನೂ ಸರಳ: ನೆನೆಸಿದ ಅವಲಕ್ಕಿ, ತೆಂಗಿನ ತುರಿ, ಸಕ್ಕರೆ, ಏಲಕ್ಕಿ, ಒಣಹಣ್ಣು, ಸುತ್ತ ಹಣ್ಣುಗಳು. ಒಲೆಯೇ ಬೇಡ.

ಒಲೆಯ ಮಾತು ಬಂತಲ್ಲ, ಸಸ್ಯಾಹಾರಿ ಹೋಟೆಲು ಸೋಲುವ ಇನ್ನೊಂದು ಜಾಗ ಅದು. ಹಸಿಯಾಗಿ ತಿನ್ನಲಾಗದ, ಅತಿಥಿಗೆ ಬಡಿಸುವಂಥ ಮರ್ಯಾದೆಯ ಅಡಿಗೆಯನ್ನು ಯಹೂದಿಯ ಕೈ ಸೋಕದೆ ಬೇಯಿಸಿದರೆ ಅದು ಕೋಶರ್ ಅಲ್ಲ, ಪದಾರ್ಥವೆಲ್ಲ ಸರಿಯಿದ್ದರೂ. ಎಷ್ಟು ಕೈ ಸೋಕಬೇಕು ಎಂಬುದರಲ್ಲಿ ಎರಡು ಪಂಥ. ಯುರೋಪಿನ ಅಶ್ಕೆನಾಜಿಗಳಿಗೆ ಯಹೂದಿಯೊಬ್ಬ ಬೆಂಕಿ ಹಚ್ಚಿದರೆ ಸಾಕು. ಸೆಫರ್ದಿಗಳಿಗೆ ಪಾತ್ರೆಯನ್ನೂ ಅವನೇ ಒಲೆಯ ಮೇಲೆ ಇಡಬೇಕು. ಮನೆಗೆಲಸಕ್ಕೆ ಬೇರೆ ಧರ್ಮದವರಿರುವ ಮುಂಬಯಿಯ ಮನೆಯಲ್ಲಿ ಇದರ ಅರ್ಥ: ಹೆಚ್ಚುವುದು, ಅರೆಯುವುದು, ತೊಳಸುವುದು ಯಾರೇ ಮಾಡಲಿ, ಕುಕ್ಕರನ್ನು ಎತ್ತಿ ಉರಿಯುವ ಒಲೆಯ ಮೇಲಿಡುವುದು ಮನೆಯವರು. ಮದುವೆಯ ಅಡಿಗೆಯಲ್ಲಿ ಈ ಕೆಲಸಕ್ಕೆಂದೇ ಮಶ್ಗಿಯಾಖ್ ಎಂಬ ಮೇಲ್ವಿಚಾರಕ ಇರುತ್ತಾನೆ. ಕೋಣೆಯ ಬೀಗದ ಕೈ ಅವನ ಬಳಿ.

ಮೇಲ್ವಿಚಾರಕನ ಇನ್ನೊಂದು ಕೆಲಸ ಹುಳು ನೋಡುವುದು. ಕಣ್ಣಿಗೆ ಕಾಣುವ ಹುಳು ತಿನ್ನುವುದು ಕೆಲವು ಬಗೆಯ ನಿಷಿದ್ಧ ಮಾಂಸ ತಿನ್ನುವುದಕ್ಕಿಂತ ದೊಡ್ಡ ತಪ್ಪೆಂದು ಎಣಿಕೆ. ಕೊತ್ತಂಬರಿ, ಕರಿಬೇವು, ಪಾಲಕ್‌ಗಳನ್ನು ಬಿಡಿಸಿ ಉಪ್ಪುನೀರಿನಲ್ಲಿ ಕೆಲವು ನಿಮಿಷ ಬಿಟ್ಟು, ಹರಿಯುವ ನೀರಿನಲ್ಲಿ ಎರಡೂ ಬದಿ ತೊಳೆದು, ಬೆಳಕಿಗೆ ಹಿಡಿದು ನೋಡಬೇಕು. ಹೂಕೋಸಿನ ಮೊಗ್ಗಿನ ಸಂದು ಬಿಡಿಸಲಾಗದೆಂದು ಬಹಳ ಕೋಶರ್ ಅಡಿಗೆಯವರು ಅದನ್ನೇ ಬಿಟ್ಟಿದ್ದಾರೆ. ಒಣ ಅಂಜೂರವನ್ನು ಸೀಳದೆ ಬಾಯಿಗೆ ಹಾಕುವುದಿಲ್ಲ. ಅಕ್ಕಿ ಬೇಳೆ ಆರಿಸುವುದು, ಹಿಟ್ಟು ಜರಡಿ ಹಿಡಿಯುವುದು ನಮಗೆ ಹೇಳಿಕೊಡಬೇಕಾಗಿಲ್ಲ.

ಹಣ್ಣಿನ ವಿಷಯದಲ್ಲಿ ಒಂದು ಸ್ವಾರಸ್ಯ. ಮರ ನೆಟ್ಟ ಮೊದಲ ಮೂರು ವರ್ಷದ ಫಲ ತಿನ್ನುವಂತಿಲ್ಲ. ಹಾಗಾದರೆ ಪಪ್ಪಾಯಿ? ಅದು ಒಂದು ವರ್ಷದೊಳಗೇ ಕಾಯಿ ಬಿಡುತ್ತದೆ, ಕೆಲವು ವರ್ಷಕ್ಕೆ ಮುಗಿದೂ ಹೋಗುತ್ತದೆ. ಬಾಗ್ದಾದಿನ ರಬ್ಬಿ (ಧರ್ಮಗುರು) ಯೋಸೆಫ್ ಹಯೀಂ ಇದನ್ನು ಮರವಲ್ಲ, ತರಕಾರಿಯ ಗಿಡ ಎಂದು ತೀರ್ಪು ಕೊಟ್ಟು ದಾರಿ ಬಿಟ್ಟುಕೊಟ್ಟರು. ಟೊಳ್ಳು ಕಾಂಡ, ಬೇಗ ಬರುವ ಫಲ ಇವು ಕೊಟ್ಟ ಕಾರಣಗಳಲ್ಲಿ ಸೇರಿವೆ. ಪಪ್ಪಾಯಿ ಗಿಡವನ್ನು ಹಿತ್ತಿಲಲ್ಲಿ ಕಂಡವರಿಗೆ ತೀರ್ಪು ಸರಿ ಅನ್ನಿಸದಿರದು.

ಹಾಲು, ಚೀಸ್, ದ್ರಾಕ್ಷಾರಸ ಇವು ಮೂರೂ ಸೂಕ್ಷ್ಮ. ಕಟ್ಟುನಿಟ್ಟಿನವರಿಗೆ ಹಾಲು ಕರೆಯುವಾಗ ಯಹೂದಿಯೊಬ್ಬ ನೋಡುತ್ತಿರಬೇಕು. ಉಳಿದ ಕೆಲವರು ಪೊಟ್ಟಣದ ಹಾಲಿಗೆ ಸರ್ಕಾರದ ತಪಾಸಣೆಯೇ ಸಾಕೆನ್ನುತ್ತಾರೆ. ಚೀಸ್ ಹೆಪ್ಪುಗಟ್ಟಲು ಬಳಸುವ ರೆನೆಟ್ ಕರುವಿನ ಹೊಟ್ಟೆಯದಾಗಿರಬಹುದು. ಸಸ್ಯಮೂಲದ್ದಾದರೂ ಯಹೂದಿ ಕಾವಲಿಲ್ಲದ ಚೀಸ್ ನಡೆಯದು. ನಿಂಬೆಹುಳಿಯಿಂದ ಒಡೆದ ಪನೀರ್ ಬಗ್ಗೆ ಕೆಲವರು ಸಡಿಲ, ಕೆಲವರು ಅಲ್ಲ. ಮನೆಯಲ್ಲೇ ಒಡೆದುಕೊಂಡರೆ ಚರ್ಚೆಯೇ ಇಲ್ಲ. ದ್ರಾಕ್ಷಾರಸವನ್ನಂತೂ ಹಿಂಡುವುದರಿಂದ ಬುಡ್ಡಿಗೆ ಮುಚ್ಚಳ ಬೀಳುವ ತನಕ ಯಹೂದಿಗಳೇ ಮುಟ್ಟಬೇಕು. ಇಂಥ ವೈನು ಸಿಗದ ಕೊಂಕಣದಲ್ಲಿ ಬೆನೆ ಇಸ್ರೇಲರು ಶುಕ್ರವಾರ ಸಂಜೆಯ ಪ್ರಾರ್ಥನೆಗೆ ಒಣದ್ರಾಕ್ಷಿಯ ಶರಬತ್ತು ಮಾಡಿಕೊಂಡರು. ಕಪ್ಪು ಒಣದ್ರಾಕ್ಷಿ ತೊಳೆದು, ಒಂದು ಬಟ್ಟಲಿಗೆ ಎರಡು ಮೂರು ಬಟ್ಟಲು ನೀರು ಹಾಕಿ, ರಾತ್ರಿಯಿಡೀ ನೆನೆಸಿ, ಕಿವುಚಿ, ಬಟ್ಟೆಯಲ್ಲಿ ಸೋಸುವುದು. ನಿಯಮಕ್ಕೆ ಎರಡು ಷರತ್ತು: ದ್ರಾಕ್ಷಿ ನೀರಿನ ಆರನೇ ಒಂದು ಪಾಲಿಗಿಂತ ಹೆಚ್ಚಿರಬೇಕು, ನೆನೆಯುವ ಮುಂಚೆ ಹಿಸುಕಿದರೂ ತೇವ ಬರುವಷ್ಟು ಮೆತ್ತಗಿರಬೇಕು. ಕಲ್ಲಾದ ದ್ರಾಕ್ಷಿಯ ನೀರು ಬಣ್ಣದ ನೀರಷ್ಟೇ.

ಪಾತ್ರೆ ಅಂಗಡಿಯಿಂದ ತಂದಾಕ್ಷಣ ಒಲೆಗೇರುವುದಿಲ್ಲ. ಹೊಸ ಲೋಹದ, ಗಾಜಿನ ಪಾತ್ರೆಯನ್ನು ಮಿಕ್ವೆ ಎಂಬ ಕೊಳದಲ್ಲಿ ಪೂರ್ತಿ ಮುಳುಗಿಸಬೇಕು. ಕಡಲೂ ಆದೀತು, ಮುಂಬಯಿಗೆ ಅದಕ್ಕೇನು ಬರ! ಕೆಡುವುದು ಸ್ಟಿಕರಿನಿಂದ. ಸ್ಟೀಲ್ ಪಾತ್ರೆಯ ತಳಕ್ಕಂಟಿದ ಚೀಟಿಯ ಅಡಿಗೆ ನೀರು ತಾಗದಿದ್ದರೆ ಮುಳುಗಿಸಿದ್ದು ಲೆಕ್ಕಕ್ಕಿಲ್ಲ. ಎಣ್ಣೆ ಹಚ್ಚಿ ಅಂಟು ತೆಗೆದೇ ಮುಂದಿನ ಕೆಲಸ. ಕೋಶರ್ ಕೆಟ್ಟುಹೋದ ಸ್ಟೀಲ್ ಪಾತ್ರೆಯನ್ನು 24 ಗಂಟೆ ಬಳಸದೆ ಬಿಟ್ಟು, ಕೊತಕೊತ ಕುದಿಯುವ ನೀರಿನಲ್ಲಿ ಮುಳುಗಿಸಿ, ತಣ್ಣೀರಿನಲ್ಲಿ ತೊಳೆದರೆ ಮತ್ತೆ ಬಳಸಬಹುದು. ನೇರ ಉರಿಯಲ್ಲಿ ಕಾದ ಕಬ್ಬಿಣದ ಕಾವಲಿಗೆ ಕುದಿನೀರು ಸಾಲದು, ಕೆಂಪಗಾಗುವಂತೆ ಕಾಯಿಸಬೇಕು. ನಾನ್‌ಸ್ಟಿಕ್ ಆ ಬಿಸಿ ತಡೆಯದು. ಮಣ್ಣಿನ ಗಡಿಗೆಗೆ ಪರಿಹಾರವೇ ಇಲ್ಲ, ಒಡೆಯುವುದೊಂದೇ.

ಪಾಸ್ಓವರ್ ಹಬ್ಬದ ಎಂಟು ದಿನ ಇದಕ್ಕೆಲ್ಲ ಇನ್ನೊಂದು ಪದರ ಸೇರುತ್ತದೆ. ಗೋಧಿ, ಬಾರ್ಲಿ, ಓಟ್ಸ್, ರೈ, ಸ್ಪೆಲ್ಟ್ ಹಿಟ್ಟು ನೀರು ಸೋಕಿ 18 ನಿಮಿಷ ಬೇಯದೆ ಉಳಿದರೆ ನಿಷಿದ್ಧ. ಮನೆಯಲ್ಲಿ ಇಟ್ಟುಕೊಳ್ಳುವುದೂ ತಪ್ಪು. ಅಕ್ಕಿ, ಬೇಳೆ, ರಾಗಿ, ಜೋಳ ಈ ಐದರಲ್ಲಿ ಇಲ್ಲ. ಅಶ್ಕೆನಾಜಿಗಳು ಅವನ್ನೂ ಬಿಡುತ್ತಾರೆ, ಸೆಫರ್ದಿಗಳಲ್ಲಿ ಬಹಳ ಜನ ಗೋಧಿಕಾಳು ಬೆರೆತಿದೆಯೇ ಎಂದು ಚೆನ್ನಾಗಿ ಆರಿಸಿ ತಿನ್ನುತ್ತಾರೆ. ಇಲ್ಲಿ ಮತ್ತೆ ನಮ್ಮ ಇಂಗು ಹಾಜರ್. ಅಂಗಡಿಯ ಡಬ್ಬಿಯಲ್ಲಿ ಸಾಮಾನ್ಯವಾಗಿ ಇರುವುದು ಅಪ್ಪಟ ಅಂಟಲ್ಲ, ಗೋಧಿ ಹಿಟ್ಟೋ ಮೈದಾವೋ ಬೆರೆಸಿದ ಪುಡಿ. ರವೆ, ಶಾವಿಗೆ ಎತ್ತಿಟ್ಟು ಒರಗಿದ ಮೇಲೆ ಮಸಾಲೆ ಡಬ್ಬಿಯ ಮೂಲೆಯಲ್ಲಿ ಉಳಿದುಬಿಡುವ ಗೋಧಿ ಅದು. ಅದನ್ನು ಹಾಕಿದ ಸಾಂಬಾರು ಪುಡಿ, ರಸಂ ಪುಡಿಗಳೂ ಅದೇ ಲೆಕ್ಕ.

ಕೊನೆಯದಾಗಿ, ಕೋಶರ್ ಊಟ ಹುಡುಕುವುದು. ಮುಂಬಯಿಯಲ್ಲಿ ಕೊಲಾಬಾದಲ್ಲಿರುವ, ಖಬಾದ್ ಎಂಬ ಯಹೂದಿ ಧಾರ್ಮಿಕ ಸಂಘಟನೆಯ ಕೇಂದ್ರ, ಅಂದರೆ 2008ರ ದಾಳಿಗೆ ಸಿಕ್ಕಿ 2014ರಲ್ಲಿ ಮತ್ತೆ ತೆರೆದ ನರೀಮನ್ ಹೌಸ್, ಪ್ರಯಾಣಿಕರಿಗೆ ಕೋಶರ್ ಊಟದ ಮುಖ್ಯ ಆಸರೆ. ಮೊದಲೇ ಹೇಳಿಟ್ಟು ಹೋಗಬೇಕು, ಅದರಲ್ಲೂ ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವ ತನಕ ಒಲೆ ಹಚ್ಚುವುದಿಲ್ಲ, ಹಣ ಮುಟ್ಟುವುದಿಲ್ಲ ಎಂಬುದು ನೆನಪಿರಲಿ. ಅಂಗಡಿಯಲ್ಲಾದರೆ ಕೋಶರ್ ಪ್ರಮಾಣಪತ್ರ ಕೊಡುವ ಸಂಸ್ಥೆಗಳ ಮುದ್ರೆಯನ್ನು ಪೊಟ್ಟಣದ ಮೇಲೆ ನೋಡಬೇಕು: ವೃತ್ತದೊಳಗೆ ಯು ಅಕ್ಷರವಿದ್ದರೆ ಓಯು, ಜೊತೆಗೆ ಓಕೆ, ಸ್ಟಾರ್-ಕೆ. ಪಕ್ಕದಲ್ಲಿ ಡಿ ಇದ್ದರೆ ಹಾಲಿನದು. ಪಿ ಇದ್ದರೆ ಪರ್ವೆ ಎಂದು ತಿಳಿಯುವುದು ಸಾಮಾನ್ಯ ತಪ್ಪು, ಅದು ಪಾಸ್ಓವರ್‌ಗೆ ಸಲ್ಲುತ್ತದೆ ಎಂಬ ಗುರುತು. ಬರೀ ಕೆ ಅಕ್ಷರ ಯಾರ ಸ್ವತ್ತೂ ಅಲ್ಲ, ಯಾರು ಬೇಕಾದರೂ ಅಚ್ಚು ಹಾಕಬಹುದು. ಕರ್ನಾಟಕದಿಂದ ವಿದೇಶಕ್ಕೆ ಹೋಗುವ ಗರ್ಕಿನ್ ಉಪ್ಪಿನಕಾಯಿ, ಮಸಾಲೆಗಳಲ್ಲೂ ಇಂಥ ಮುದ್ರೆ ಪಡೆದವು ಇವೆ. ಆದರೆ ಪ್ರಮಾಣಪತ್ರ ಒಂದು ಕಾರ್ಖಾನೆಗೆ, ಒಂದು ಪದಾರ್ಥಕ್ಕೆ ಸಿಗುವಂಥದ್ದು, ಇಡೀ ಕಂಪನಿಗಲ್ಲ. ಅದೇ ಹೆಸರಿನ ಊರ ಅಂಗಡಿಯ ಡಬ್ಬಿಯ ಮೇಲೆ ಮುದ್ರೆ ಇಲ್ಲದಿದ್ದರೆ ಇಲ್ಲವೆಂದೇ ಅರ್ಥ. ಮುದ್ರೆಯ ಹಂಗಿಲ್ಲದವೂ ಸಾಕಷ್ಟಿವೆ: ಹಸಿ ಅಕ್ಕಿ, ಬೇಳೆ, ಇಡೀ ಸಂಬಾರ ಪದಾರ್ಥ, ಸಕ್ಕರೆ, ಉಪ್ಪು, ಪರಿಮಳ ಬೆರೆಸದ ಚಹಾ ಎಲೆ, ಅಪ್ಪಟ ಕಾಫಿ ಬೀಜ.

ಬೆಂಗಳೂರಿನ ಮೈಸೂರು ರಸ್ತೆಯಲ್ಲಿ 1904ರ ಯಹೂದಿ ಸ್ಮಶಾನವಿದೆ. ಊರಿನಲ್ಲಿ ಬೇರೂರಿದ ಯಹೂದಿ ಕುಟುಂಬಗಳು ಮೊದಲೂ ಬೆರಳೆಣಿಕೆ, ಈಗಲೂ ಅಷ್ಟೇ. ಆದರೆ ಕಂಪನಿ ಕೆಲಸಕ್ಕೆ ಇಸ್ರೇಲಿನಿಂದ ಬರುವವರು ಕಡಿಮೆಯಿಲ್ಲ, ಅವರಲ್ಲಿ ಕೋಶರ್ ಪಾಲಿಸುವವರೂ ಇರುತ್ತಾರೆ. ಮನೆಗೆ ಕರೆದರೆ ಏನು ಕೊಡಬೇಕು? ಮೊದಲು ಅವರನ್ನೇ ಕೇಳಿ, ಪಾಲನೆಯ ಮಟ್ಟ ಒಬ್ಬೊಬ್ಬರದು ಒಂದೊಂದು. ಕಟ್ಟುನಿಟ್ಟಿನವರಾದರೆ ಬಾಳೆಹಣ್ಣು, ಕಿತ್ತಳೆ, ಸೀತಾಫಲದಂಥ ಸಿಪ್ಪೆಯ ಹಣ್ಣುಗಳನ್ನು ಇಡಿಯಾಗಿ ಕೊಡಿ. ನೀವೇ ಹೆಚ್ಚಿಡಬೇಡಿ, ಹೊಸ ಚಾಕು ಪಕ್ಕದಲ್ಲಿಡಿ. ಎಳನೀರು ಕೆತ್ತಿಸಿ ಕಾಯಿಯಲ್ಲೇ ಕೊಡಿ, ಲೋಟಕ್ಕೆ ಬಗ್ಗಿಸುವುದು ಬೇಡ. ಕರಿ ಕಾಫಿಯನ್ನು ಕಾಗದದ ಲೋಟದಲ್ಲಿ ಕೊಟ್ಟರೆ ಕೆಲವರು ಕುಡಿಯುತ್ತಾರೆ, ಕೆಲವರು ನೀರು ಕಾಯಿಸಿದ ಪಾತ್ರೆ ಯಾವುದೆಂದು ಕೇಳುತ್ತಾರೆ. ಮೊಹರು ಮಾಡಿದ ಕೋಶರ್ ಊಟದ ಪೊಟ್ಟಣ ತರಿಸಿದ್ದರೆ ಅದಕ್ಕೆ ಎರಡು ಹೊದಿಕೆ ಇರುತ್ತದೆ. ಬೇರೆ ಅಡಿಗೆ ಬೆಂದ ಒವನ್ನಿನಲ್ಲೂ ಬಿಸಿ ಮಾಡಲು ಸಾಧ್ಯವಾಗಲೆಂದೇ ಆ ಏರ್ಪಾಡು. ಉಪಚಾರದ ಉತ್ಸಾಹದಲ್ಲಿ ಹೊದಿಕೆ ಬಿಚ್ಚಿ, ನಿಮ್ಮ ಬೆಳ್ಳಿ ತಟ್ಟೆಗೆ ಸುರಿದು, ಅಂದವಾಗಿ ತಂದಿಟ್ಟರೆ ಅವರು ಹಸಿದೇ ಏಳಬೇಕಾಗುತ್ತದೆ. ಹೊದಿಕೆ ಬಿಚ್ಚದೆ ಬಿಸಿ ಮಾಡಿ ಹಾಗೆಯೇ ಅವರ ಮುಂದಿಡಿ. ಮೊಹರು ಒಡೆಯುವುದು ಅವರ ಕೆಲಸ.